ಗೋಕಾಕದ ಗುಡುಗು, ದೊರೆಗಳ ಗೊಣಗು

ಘಟಪ್ರಭಾ ರೈಲು ನಿಲ್ದಾಣದಲ್ಲಿ ಇಳಿದು ಗೋಕಾಕ ಜಲಪಾತದತ್ತ ಹೊರಟವರಿಗೆ ಮಳೆಗಾಲದಲ್ಲಿ ನೀರು ಕಾಣುವುದಕ್ಕಿಂತ ಮೊದಲು ಅದರ ಸದ್ದು ಕೇಳುತ್ತದೆ. ಸುಮಾರು 52 ಮೀಟರ್ ಎತ್ತರದಿಂದ ಕುದುರೆ ಲಾಳದ ಆಕಾರದಲ್ಲಿ ಧುಮುಕುವ ಈ ನದಿಯ ಶಕ್ತಿಯನ್ನು ನೂಲುವ ಕೆಲಸಕ್ಕೆ ಹಚ್ಚಬೇಕೆಂಬ ಯೋಚನೆ ಬಂದದ್ದು ವಿಲಾಯತಿ ವ್ಯಾಪಾರಿಗಳಿಗೆ. ಅದಕ್ಕಾಗಿ 1885ರಲ್ಲಿ ಕಂಪನಿ ಕಟ್ಟಿದರು. 1887ರ ಹೊತ್ತಿಗೆ ನೀರಿನ ಬಲದಿಂದ ಗಿರಣಿ ನಡೆಯತೊಡಗಿತು. ಯಂತ್ರಗಳು ಕಡಲಾಚೆಯಿಂದ ಬಂದವು. ಅವುಗಳ ಬೆನ್ನಿಗೆ, ಅವನ್ನು ನಡೆಸಬಲ್ಲ ಬಿಳಿಯ ಮೇಲಧಿಕಾರಿಗಳೂ ಬಂದರು.

ನೋಡಲು ಬಂದವನಿಗೆ ಜಲಪಾತ ರಮ್ಯವೇ. ಆದರೆ ಅದರ ದಂಡೆಯ ಮೇಲೆ ವರ್ಷಗಟ್ಟಲೆ ಸಂಸಾರ ಹೂಡುವವನ ಕಷ್ಟ ಬೇರೆ. ವೈಶಾಖದಲ್ಲಿ ಬಂಡೆಗಲ್ಲು ಕಾದು ರಾತ್ರಿಯಾದರೂ ಆರುವುದಿಲ್ಲ. ತಿಂದು ರೂಢಿಯಾದ ಬ್ರೆಡ್ಡು, ಬೆಣ್ಣೆ ಸಿಗುವುದಿಲ್ಲ. ಮಾತನಾಡಲು ತನ್ನವರು ಬೇಕೆಂದರೆ ಬೆಳಗಾವಿಯ ದಂಡು ಪ್ರದೇಶಕ್ಕೆ ಹೋಗಬೇಕು. ಹೊಟ್ಟೆಪಾಡಿಗೆ ಪರದೇಶ ಸೇರಿದವರ ಇಂಥ ಗೊಣಗಾಟಗಳನ್ನು ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯುದ್ಧ, ಒಪ್ಪಂದ, ಕಂದಾಯಗಳ ಕಥೆಯಲ್ಲಿ ಸೊಳ್ಳೆಗೆ ಜಾಗವೆಲ್ಲಿ? ಆದರೂ ಕನ್ನಡ ನಾಡಿಗೆ ಬಂದ ಪಾಶ್ಚಾತ್ಯರ ಪತ್ರ, ಆತ್ಮಕಥೆಗಳನ್ನು ತಿರುವಿದರೆ ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಸೆಕೆ, ಮಳೆ, ಜ್ವರ, ಅಂಚೆ ಮತ್ತು ಆಳುಕಾಳುಗಳ ವಿಷಯವೇ.

ಥಾಮಸ್ ಮನ್ರೋ ಹೆಸರು ನಮ್ಮಲ್ಲಿ ರೈತವಾರಿ ಪದ್ಧತಿಯೊಡನೆ ಬೆಸೆದುಕೊಂಡಿದೆ. ಟಿಪ್ಪುವಿನ ಪತನದ ನಂತರ 1799ರಲ್ಲಿ ಆತನನ್ನು ಕೆನರಾ ಜಿಲ್ಲೆಗೆ ಕಲೆಕ್ಟರನಾಗಿ ಕಳಿಸಿದರು. ಆ ನೇಮಕ ಅವನಿಗೆ ಸ್ವಲ್ಪವೂ ಒಗ್ಗಲಿಲ್ಲ. ಕರಾವಳಿಯ ಬಿಡದ ಮಳೆ ಹಾಗೂ ಬೆಟ್ಟ ಕಣಿವೆಗಳ ನಡುವಿನ ತಿರುಗಾಟದಿಂದ ಬೇಸತ್ತು, ತನ್ನನ್ನು ಬೇರೆಡೆಗೆ ಕಳಿಸಿರೆಂದು ಮೇಲಿಂದ ಮೇಲೆ ಬರೆದು, ಕೊನೆಗೆ ಬಿಡುಗಡೆ ಪಡೆದ. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಳ್ಳುತ್ತಿದ್ದ ಆರ್ಥರ್ ವೆಲ್ಲೆಸ್ಲಿಗೆ ಕಾಡಿದ್ದು ತುರಿಕೆ. 1801ರಲ್ಲಿ ಮುಂಬಯಿಯಲ್ಲಿ ಜ್ವರವೂ ತುರಿಕೆಯೂ ಒಟ್ಟಿಗೆ ಹಿಡಿದು, ನೈಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಕೂರುವ ಚಿಕಿತ್ಸೆಗೆ ಒಳಗಾದ. ಈ ಕಾರಣಕ್ಕೆ ಅವನು ಹತ್ತದೆ ಉಳಿದ ಹಡಗು ಕಡಲಿನ ಪಾಲಾಯಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ಸೆಕೆಗೆ ಅವರು ಕಂಡುಕೊಂಡ ಉಪಾಯ ಎತ್ತರದ ಛಾವಣಿ, ಅಗಲವಾದ ಜಗಲಿಯ ಬಂಗಲೆ. ಛಾವಣಿಯಿಂದ ತೂಗುಬಿಟ್ಟ ಬಟ್ಟೆಯ ಪಂಖಾಕ್ಕೆ ಹಗ್ಗ ಕಟ್ಟಿ, ಆ ಹಗ್ಗವನ್ನು ಗೋಡೆಯಾಚೆ ಕುಳಿತ ಆಳು ರಾತ್ರಿಯಿಡೀ ಎಳೆಯಬೇಕು. ಅವನು ತೂಕಡಿಸಿದರೆ ಗಾಳಿ ನಿಂತು ದೊರೆಗೆ ಎಚ್ಚರವಾಗುತ್ತಿತ್ತು. ಪಂಖಾದವನ ನಿದ್ದೆಯ ಬಗ್ಗೆ ದೂರದ ಬರಹ ಬೇಕಾದಷ್ಟಿದೆ. ಅವನೂ ಅದೇ ಸೆಕೆಯಲ್ಲಿ ಬೆವರುತ್ತಿದ್ದ, ಅವನಿಗೆ ಗಾಳಿ ಬೀಸುವವರು ಯಾರೂ ಇರಲಿಲ್ಲ ಎಂಬುದನ್ನು ಆ ಬರಹಗಳಲ್ಲಿ ಹುಡುಕಬೇಕಾಗುತ್ತದೆ. ಬಟ್ಲರ್ ಸಂತೆ ಲೆಕ್ಕದಲ್ಲಿ ಕಾಸು ಹೊಡೆಯುತ್ತಾನೆ, ದೋಬಿ ಗುಂಡಿ ಕಿತ್ತು ತರುತ್ತಾನೆ ಎಂಬ ದೂರುಗಳೂ ಹಾಗೆಯೇ. ಅವರಿಲ್ಲದೆ ಒಂದು ದಿನವೂ ಸಾಗದವರೇ ಅವರ ಮೇಲೆ ದೂರುತ್ತಿದ್ದರು.

ಸೊಳ್ಳೆಯ ಮಾತಿಗೆ ಬಂದರೆ ಬೆಂಗಳೂರಿನ ಒಂದು ಪ್ರಸಂಗ ಹೇಳಲೇಬೇಕು. 1883ರಲ್ಲಿ ಅಲ್ಲಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಬಂಗಲೆಯಲ್ಲಿ ಸೊಳ್ಳೆಯ ಕಾಟ ತಡೆಯಲಾಗಲಿಲ್ಲ. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಹುಳುಗಳು ಮಿಜಿಗುಟ್ಟುತ್ತಿದ್ದುದನ್ನು ಕಂಡು ಅದನ್ನು ಮಗುಚಿ ಹಾಕಿಸಿದ. ಕಾಟ ಕಡಿಮೆಯಾಯಿತು. ಮೆಸ್ಸಿನಲ್ಲೂ ಹಾಗೆಯೇ ಮಾಡೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಮಲೇರಿಯಾ ಹಬ್ಬಿಸುವುದು ಸೊಳ್ಳೆ ಎಂಬುದಕ್ಕೆ ಬೇಕಾದ ಸುಳಿವನ್ನು ಅದೇ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ. ಅಲ್ಲಿಯವರೆಗೆ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ದೊಡ್ಡವರೂ ನಂಬಿದ್ದರು.

ಗೊಣಗಾಟ ಹಗುರವಾದದ್ದೇ ಆಗಿರಬೇಕೆಂದಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಕಷ್ಟ ಹವೆಯದ್ದಷ್ಟೇ ಅಲ್ಲ, ತಮ್ಮದೇ ಸಂಸ್ಥೆಯ ಕಟ್ಟುನಿಟ್ಟಿನದ್ದೂ ಹೌದು. ಮದುವೆಗೆ ಬಾಸೆಲ್ಲಿನ ಸಮಿತಿಯ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕರೆ, ಎಷ್ಟೋ ಸಲ ಸರಿಯಾಗಿ ಪರಿಚಯವೂ ಇರದ ವಧು ಹಡಗು ಹತ್ತಿ ಬರುತ್ತಿದ್ದಳು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕವನ್ನು ಸುತ್ತಿ ಬರುವ ಹಡಗಿನಲ್ಲಿ ಬಂದ ಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ತಾಯಿ ಹುಷಾರಿಲ್ಲ ಎಂದು ಓದುವ ಹೊತ್ತಿಗೆ ಆಕೆ ಗುಣವಾಗಿರಬಹುದು, ಇಲ್ಲವೆ ಮಣ್ಣಾಗಿರಬಹುದು.

ಎಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳಿಸಬೇಕೆಂಬ ಕಟ್ಟಳೆ ಇತ್ತು. ಅವರಿಗಾಗಿ 1853ರಲ್ಲಿ ಬಾಸೆಲ್ಲಿನಲ್ಲಿ ವಸತಿಗೃಹವನ್ನೇ ತೆರೆದರು. ಹವೆ ಆಗದು, ವಿದ್ಯೆ ಸಿಗದು ಎಂಬುದು ಅದಕ್ಕೆ ಕೊಡುತ್ತಿದ್ದ ಸಮಜಾಯಿಷಿ. ಮಂಗಳೂರಿನ ದಕ್ಕೆಯಲ್ಲಿ ಆರು ಏಳು ವರ್ಷದ ಮಗುವನ್ನು ಪರಿಚಯದವರ ಕೈಗೆ ಒಪ್ಪಿಸಿ ನಿಂತ ತಾಯಿ ಮತ್ತೆ ಅದರ ಮುಖ ನೋಡುತ್ತಿದ್ದುದು ಹಲವು ವರ್ಷಗಳ ಮೇಲೆ. ಅಷ್ಟರಲ್ಲಿ ಆಯಾಳ ಸೊಂಟದ ಮೇಲೆ ಕಲಿತ ಕನ್ನಡವನ್ನೋ ತುಳುವನ್ನೋ ಮಗು ಮರೆತಿರುತ್ತಿತ್ತು. ಮಗು ಹೋದ ಮೇಲೆ ಆಯಾಳ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆದಿಟ್ಟವರಿಲ್ಲ.

ಕನ್ನಡ ನಿಘಂಟಿನ ಕಿಟ್ಟೆಲ್ ಕೂಡ ಈ ಸುಳಿಯಲ್ಲೇ ಸಿಕ್ಕವರು. 1853ರಲ್ಲಿ ಬಂದವರು 1860ರಲ್ಲಿ ಮದುವೆಯಾದರು. ಕೆಲವೇ ವರ್ಷಗಳಲ್ಲಿ ಪತ್ನಿ ಪಾಲಿನ್ ತೀರಿಕೊಂಡರು. ಬಳಿಕ ಆಕೆಯ ಸಹೋದರಿ ಜೂಲಿಯನ್ನು ವರಿಸಿದರು. 1877ರಲ್ಲಿ ತಾಯ್ನಾಡಿಗೆ ಮರಳಿದವರನ್ನು ನಿಘಂಟಿನ ಕೆಲಸ ಮತ್ತೆ 1883ರಲ್ಲಿ ಇಲ್ಲಿಗೆ ಎಳೆದು ತಂದಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಶಬ್ದಗಳ ಆ ಹೊತ್ತಗೆಯನ್ನು ಇಂದಿಗೂ ತೆರೆಯುವವರು ಅದರ ಹಿಂದಿನ ಸಂಸಾರದ ಲೆಕ್ಕವನ್ನು ಕೇಳುವುದು ಅಪರೂಪ.

ಇದಕ್ಕೆ ಪೂರ್ತಿ ವಿರುದ್ಧವಾದ ಚಿತ್ರ ಚರ್ಚಿಲ್ಲನದು. 1896ರಲ್ಲಿ ಬೆಂಗಳೂರಿಗೆ ಬಂದಾಗ ಅವನಿಗೆ 21 ವರ್ಷ. ಮುಂಬಯಿಯ ದಕ್ಕೆಯಲ್ಲಿ ಇಳಿಯುವಾಗಲೇ ಭುಜ ಉಳುಕಿಸಿಕೊಂಡಿದ್ದ. ಇಲ್ಲಿ ಬಂಗಲೆ, ಗುಲಾಬಿ ತೋಟ, ಪೋಲೊ ಎಲ್ಲ ಇದ್ದೂ ಹೊತ್ತು ಹೋಗುತ್ತಿರಲಿಲ್ಲ. ಚಿಟ್ಟೆ ಸಂಗ್ರಹಿಸಿದ, ಅದನ್ನು ಇಲಿ ತಿಂದಿತು. ಬೇಸರಕ್ಕೆ ಮದ್ದಾಗಿ ತಾಯಿಯಿಂದ ಪುಸ್ತಕಗಳ ಕಟ್ಟುಗಳನ್ನು ತರಿಸಿಕೊಂಡು ಮಧ್ಯಾಹ್ನವೆಲ್ಲ ಓದಿದ. ಬೆಂಗಳೂರು ಕ್ಲಬ್ಬಿಗೆ ಅವನಿಂದ ಬರಬೇಕಾದ 13 ರೂಪಾಯಿ ವಸೂಲಾಗದ ಬಾಕಿಯ ಪಟ್ಟಿಯಲ್ಲೇ ಉಳಿಯಿತು.

ಸುರಪುರದ ಮೆಡೋಸ್ ಟೇಲರ್ ಮಾತ್ರ ಬೇರೆ ಜಾತಿಯ ಮನುಷ್ಯ. 1841ರಿಂದ 12 ವರ್ಷ, ಬಹುಪಾಲು ಬಿಳಿಯರ ಸಹವಾಸವೇ ಇಲ್ಲದೆ ಅಲ್ಲಿ ಕಳೆದ. ಜ್ವರ ಬಿಡಲಿಲ್ಲ, 1844ರಲ್ಲಿ ಹೆಂಡತಿ ತೀರಿಹೋದಳು. ನಿಜಾಮನ ನೌಕರನಾದ್ದರಿಂದ ಕಂಪನಿಯವರ ಸಮಾನ ಸ್ಥಾನ ಸಿಗಲಿಲ್ಲವೆಂಬ ಕೊರಗು ಕೊನೆಯವರೆಗೂ ಇತ್ತು. ಆದರೆ ಜನರ ಮಾತು ಕಲಿತು ಅವರ ನಡುವೆ ಓಡಾಡಿದ್ದರಿಂದ ಅವರ ಬಾಯಲ್ಲಿ ಆತ ‘ಮಹಾದೇವ ಬಾಬಾ’ ಆದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ.

ದೊರೆಗಳ ಕಾಲ ಮುಗಿದರೂ ಬಿಳಿಯರು ಬರುವುದು ನಿಂತಿಲ್ಲ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಬಾಡಿಗೆ ಮನೆಯಲ್ಲಿರುವವರಿಗೆ ಪಂಖಾದವನ ಚಿಂತೆಯಿಲ್ಲ. 180 ದಿನಕ್ಕೂ ಮೀರಿ ನಿಲ್ಲುವವರು 14 ದಿನದೊಳಗೆ ನೋಂದಣಿ ಮಾಡಿಸಬೇಕು, ಮನೆಯ ಮಾಲೀಕ ನಮೂನೆ ತುಂಬಬೇಕು, ಒಂದು ಕಾಗದ ಕಡಿಮೆಯಾದರೆ ‘ನಾಳೆ ಬನ್ನಿ’ ಎಂಬ ಉತ್ತರ. ಬಣ್ಣ ನೋಡಿ ಆಟೋ ದರ ಏರುತ್ತದೆ. ಹಂಪಿಗೆ ಹೋದರೆ ಟಿಕೆಟ್ಟಿನ ಸಾಲೇ ಬೇರೆ. 2018ರ ಪರಿಷ್ಕರಣೆಯಲ್ಲಿ ಅಂಥ ಸ್ಮಾರಕಗಳಿಗೆ ದೇಶದವರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಎಂದು ಗೊತ್ತುಮಾಡಲಾಯಿತು. ಮೆಣಸಿನ ಖಾರದ ದೂರು ಮಾತ್ರ ಮನ್ರೋನ ಕಾಲದಿಂದ ಬದಲಾದಂತಿಲ್ಲ.

ಈಗ ದೂರು ಹೇಳುವ ಸರದಿ ಈ ಕಡೆಯವರದೂ ಆಗಿದೆ. ಗೋಕಾಕ, ಹುಕ್ಕೇರಿ ಸುತ್ತಿನ ಊರುಗಳಿಂದ ಹೊರದೇಶಕ್ಕೆ ಕೆಲಸಕ್ಕೆ ಹೋದವರು ಅಲ್ಲಿ ನಾಲ್ಕು ಗಂಟೆಗೇ ಕವಿಯುವ ಕತ್ತಲು, ವೀಸಾ ಕಚೇರಿಯ ಸಾಲು, ತಮ್ಮ ಹೆಸರು ನೆಟ್ಟಗೆ ಹೇಳಲಾರದ ಸಹೋದ್ಯೋಗಿ ಇವುಗಳ ಬಗ್ಗೆ ಫೋನಿನಲ್ಲಿ ಗೊಣಗುತ್ತಾರೆ. ಜೋಳದ ರೊಟ್ಟಿಗೆ ಹಿಟ್ಟು ಹುಡುಕಿ ಸೋಲುತ್ತಾರೆ. ರಜೆಗೆ ಬಂದು ಹಿಂತಿರುಗುವಾಗ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಮೊದಲು ಜಾಗ ಹಿಡಿಯುವುದು ಗೋಕಾಕದ ಕರದಂಟು.