ಒಂದು ದೇಶದ ಬ್ರೆಡ್ಡು, ಒಂದು ಜಿಲ್ಲೆಯ ರೊಟ್ಟಿ

ಮಾಲ್ಟಾ ಅಂತ ಒಂದು ದೇಶ ಇದೆ. ಯುರೋಪಿನ ಭೂಪಟದಲ್ಲಿ ಇಟಲಿಯ ಸಿಸಿಲಿ ದ್ವೀಪದ ಕೆಳಗೆ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಧಾರವಾಡ ಜಿಲ್ಲೆ ಸುಮಾರು 4,260 ಚದರ ಕಿಲೋಮೀಟರ್. ಅಂದ್ರೆ ಒಂದು ಧಾರವಾಡದೊಳಗೆ ಹದಿಮೂರು ಮಾಲ್ಟಾ ಹಿಡಿಸುತ್ತವೆ. ಆ ದೇಶದ ಜನಸಂಖ್ಯೆ ಐದು ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ್ದೇ 9.43 ಲಕ್ಷ.

ಇಷ್ಟು ಸಣ್ಣ ದೇಶದ ಒಂದು ಬ್ರೆಡ್ಡು 2020ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹೆಸರು ಫ್ತೀರಾ. ಗೋಧಿ ಹಿಟ್ಟನ್ನು ಹುಳಿ ಬರಿಸಿ, ಚಪ್ಪಟೆ ತಟ್ಟಿ, ಒಲೆಯಲ್ಲಿ ಸುಡುತ್ತಾರೆ. ಹೊರಗೆ ಗಟ್ಟಿ, ಒಳಗೆ ಹಗುರ. ನಡುವೆ ಸೀಳಿ ಆಲಿವ್ ಎಣ್ಣೆ, ಟೊಮೇಟೊ, ಟ್ಯೂನಾ ಮೀನು ತುಂಬಿ ತಿಂತಾರೆ. ಕುಡಿಯೋಕೆ ಕಿನ್ನಿ ಅನ್ನೋ ಕಹಿ ಕಿತ್ತಳೆಯ ಪಾನೀಯ. ಅದು 1952ರಿಂದ ಅವರ ಮನೆಮಾತು.

ಯುನೆಸ್ಕೋ ಬರೆದುಕೊಂಡದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು ಮಾತು. ಬೇಕರಿಗಳಿಗೆ ಎಷ್ಟೇ ಯಂತ್ರ ಬಂದರೂ ಫ್ತೀರಾಕ್ಕೆ ಆಕಾರ ಕೊಡಲು ಪಳಗಿದ ಕೈಯೇ ಬೇಕು, ಇದು ಒಂದು. ಶಾಲೆಗಳು ಈ ಬೇಕರಿಯವರನ್ನು ಕರೆಸಿ ಮಕ್ಕಳಿಗೆ ಒಳ್ಳೆಯ ಊಟ ಅಂದರೇನು ಅಂತ ಹೇಳಿಸುತ್ತವೆ, ಇದು ಎರಡನೆಯದು.

ಬ್ರೆಡ್ಡಿನ ಬೆಲೆ ಏನು ಅಂತ ಆ ಜನಕ್ಕೆ ಗೊತ್ತು. 1919ರ ಜೂನ್ 7ರಂದು ಬ್ರೆಡ್ಡು ದುಬಾರಿಯಾಯಿತು ಅಂತ ಸಿಟ್ಟಿಗೆದ್ದ ಜನ ರಾಜಧಾನಿ ವಲ್ಲೆಟ್ಟಾದ ಬೀದಿಗೆ ಇಳಿದರು. ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ನಾಲ್ವರು ಸತ್ತರು. ಇವತ್ತಿಗೂ ಆ ದಿನ ಅಲ್ಲಿ ರಾಷ್ಟ್ರೀಯ ದಿನ.

ಈಗ ನಮ್ಮ ಕಡೆ ಬನ್ನಿ. ಕಲಘಟಗಿ ತಾಲ್ಲೂಕಿನ ತಂಬೂರಿನಿಂದ ಹೊರಡೋಣ. ಬಸವಣ್ಣನ ಗುಡಿ ಇರುವ ಊರು. ಇದು ಅರೆಮಲೆನಾಡು. ಮಳೆ ಜಾಸ್ತಿ, ಭತ್ತದ ಸೀಮೆ. ಇಲ್ಲಿ ತಾಟಿನಲ್ಲಿ ರೊಟ್ಟಿಯ ಜೊತೆ ಅನ್ನಕ್ಕೂ ದೊಡ್ಡ ಜಾಗ. ಪೂರ್ವಕ್ಕೆ ಹೋದಂತೆ ಮಳೆ ಕಮ್ಮಿ ಆಗುತ್ತಾ, ಮಣ್ಣು ಕಪ್ಪಾಗುತ್ತಾ ಹೋಗುತ್ತದೆ. ಕುಂದಗೋಳದಲ್ಲಿ ಬ್ಯಾಡಗಿ ತಳಿಯ ಮೆಣಸಿನಕಾಯಿ. ಅಣ್ಣಿಗೇರಿ, ನವಲಗುಂದಕ್ಕೆ ಬಂದರೆ ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ಶಾಸನಗಳ ಕಾಲದಲ್ಲಿ ಬೆಳ್ವೊಲ ಮುನ್ನೂರು ಅನ್ನುತ್ತಿದ್ದ ನಾಡು ಇದು, ಅಣ್ಣಿಗೇರಿ ಅದರ ಮುಖ್ಯ ಪಟ್ಟಣ. ಇಲ್ಲಿ ಊಟ ಅಂದ್ರೆ ರೊಟ್ಟಿ.

ಒಂದೇ ಜಿಲ್ಲೆ, ಒಂದು ದಿನದ ಬಸ್ ಪ್ರಯಾಣ, ಅಷ್ಟರಲ್ಲೇ ಅನ್ನದ ಸೀಮೆಯಿಂದ ರೊಟ್ಟಿಯ ಸೀಮೆಗೆ ದಾಟಿರುತ್ತೀರಿ. ಬಿಸಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಝುಣಕ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆಂಪು ಖಾರ, ಮೇಲೆ ಗಟ್ಟಿ ಮೊಸರು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಕುಡಿಯೋಕೆ ಮಜ್ಜಿಗಿ, ಅಂಬಲಿ. ಯುಗಾದಿಗೆ ಬೆಂಗಳೂರಿನವರು ಬೇವು-ಬೆಲ್ಲ ತಿಂತಾರೆ, ನಮ್ಮ ಕಡೆ ಬೇವು ಕುಡೀತಾರೆ. ಹುಣಸೆ, ಬೆಲ್ಲ, ಪುಠಾಣಿ ಹಿಟ್ಟು, ಬೇವಿನ ಹೂ ಕಲಸಿದ ಪಾನಕ ಅದು. ಒಂದು ದೇಶಕ್ಕೆ ಸಾಕಾಗುವಷ್ಟು ಊಟ ಈ ಜಿಲ್ಲೆಯಲ್ಲೇ ಇದೆ.

ರೊಟ್ಟಿ ಮಾಡೋದು ಹುಡುಗಾಟ ಅಲ್ಲ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಅನ್ನೋ ಅಂಟು ಇದೆ, ಎಳೆದರೂ ಹರಿಯೋದಿಲ್ಲ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಕಲಸುತ್ತಾರೆ. ಆ ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟು ಬರುತ್ತದೆ. ಆರುವುದರೊಳಗೆ ನಾದಬೇಕು, ಬಡಿಯಬೇಕು. ಅಂಚು ಸೀಳದಂತೆ, ನಡು ದಪ್ಪ ಆಗದಂತೆ ತಿರುಗಿಸುತ್ತಾ ಹೋಗಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ನೀರು ಸವರಬೇಕು. ಇದನ್ನು ಯಾವ ಪುಸ್ತಕವೂ ಕಲಿಸೋದಿಲ್ಲ. ಅವ್ವನ ಕೈ ನೋಡಿ ಮಗಳ ಕೈ ಕಲಿಯಬೇಕು.

ಇಷ್ಟೆಲ್ಲ ಇದ್ದೂ ತೊಂದರೆ ಎಲ್ಲಿದೆ? ಹೊಲದಲ್ಲಿದೆ.

ಹಿಂಗಾರಿ ಜೋಳ ಎರಿ ಮಣ್ಣಿನ ತೇವದ ಮೇಲೇ ಬೆಳೆಯುವ ಪೀಕು. ಕಾಳು ಮನುಷ್ಯನಿಗೆ, ಕಣಕಿ ದನಕ್ಕೆ. ಮನೆಯಲ್ಲಿ ಜೋಡೆತ್ತು ಇದ್ದಷ್ಟು ದಿನ ರೈತ ಕಣಕಿಗಾಗಿಯಾದರೂ ಜೋಳ ಬಿತ್ತುತ್ತಿದ್ದ. ಟ್ರ್ಯಾಕ್ಟರ್ ಬಂತು, ಎತ್ತು ಹೋದವು, ಕಣಕಿಯ ಗರಜು ಕಮ್ಮಿ ಆಯ್ತು. ಜೋಳ ಕೀಳೋದು, ಸಿವುಡು ಕಟ್ಟೋದು, ತೆನೆ ಮುರಿಯೋದು, ಎಲ್ಲ ಆಳಿನ ಕೆಲಸ. ಆಳಿನ ಪಗಾರ ಏರಿತು. ಮಲಪ್ರಭಾ ಕಾಲುವೆ ಬಂದ ಕಡೆ ಹತ್ತಿ ಬಂತು. ಆ ನೀರಿನ ಕರದ ವಿರುದ್ಧವೇ 1980ರ ಜುಲೈ 21ರಂದು ನವಲಗುಂದದ ರೈತರು ಎದ್ದು ನಿಂತದ್ದು, ಪೊಲೀಸರ ಗುಂಡು ಬಿದ್ದದ್ದು. ಪ್ರತಿ ವರ್ಷ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತೇವೆ. ಮಾಲ್ಟಾದವರಿಗೆ ಜೂನ್ 7 ಹೇಗೋ ನಮಗೆ ಜುಲೈ 21 ಹಾಗೆ.

ಈಗ ದರ ನೋಡಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ಕೇಳಿದ್ದೇ ನಮ್ಮ ದೇಶ. ಆ ಬೆಳೆ ವರ್ಷದಲ್ಲಿ ಮಾಲದಂಡಿ ಜೋಳಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,225 ರೂಪಾಯಿ. ಅದೇ ಎರಿ ಹೊಲದಲ್ಲಿ, ಅದೇ ಹಿಂಗಾರಿಯಲ್ಲಿ ಬರುವ ಕಡಲೆಗೆ 5,440 ರೂಪಾಯಿ. ಕಡಲೆ ರಾಶಿಗೆ ಯಂತ್ರವೂ ಇದೆ. ನೀವೇ ರೈತರಾಗಿದ್ದರೆ ಏನು ಬಿತ್ತುತ್ತಿದ್ದಿರಿ? ನಾನಾಗಿದ್ದರೂ ಕಡಲೆಯೇ.

ಇನ್ನು ಉಣ್ಣುವ ಕಡೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಯಿತು. ಹಸಿವು ದೂರ ಇಟ್ಟ ಯೋಜನೆ, ಅದರ ಬಗ್ಗೆ ನನ್ನದು ತಕರಾರಿಲ್ಲ. ಆದರೆ ಜೋಳದ ಸೀಮೆಯ ಪಡಿತರದಲ್ಲೂ ಅಕ್ಕಿಯದೇ ಮೇಲುಗೈ. ಶಾಲೆಯ ಬಿಸಿಯೂಟ ಅಂದರೂ ಅನ್ನ-ಸಾಂಬಾರು. ಹತ್ತು ವರ್ಷ ಶಾಲೆಯಲ್ಲಿ ಅನ್ನ ಉಂಡ ಮಗುವಿಗೆ ರೊಟ್ಟಿ ಹಬ್ಬದ ತಿನಿಸು ಆಗಿಬಿಡುತ್ತದೆ. ಬೆಂಗಳೂರಿನ ಜಿಮ್‌ಗೆ ಹೋಗುವವರು ಜೋಳದ ರೊಟ್ಟಿ ಹುಡುಕಿಕೊಂಡು ಖಾನಾವಳಿಗೆ ಬರುತ್ತಾರೆ, ನವಲಗುಂದದ ಮಗು ಅನ್ನ ಉಣ್ಣುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಧಾರವಾಡ ಪೇಡೆಗೂ ಇದೆ. ರೊಟ್ಟಿಗೂ ಒಂದು ಬಿರುದು ಕೊಡಿಸಿ ಅಂತ ಕೆಲವರು ಹೇಳ್ತಾರೆ. ಕೊಡಿಸಿ, ಬೇಡ ಅನ್ನೋದಿಲ್ಲ. ಆದರೆ ಬಿರುದಿನಿಂದ ಯಾರೂ ಜೋಳ ಬಿತ್ತೋದಿಲ್ಲ. ಖಾತ್ರಿಯಾಗಿ ಕೊಳ್ಳುವವರು ಬೇಕು.

ಅದಕ್ಕೊಂದು ದಾರಿ ನಮ್ಮ ಹಳ್ಳಿಗಳಲ್ಲೇ ಇದೆ: ಕಡಕ್ ರೊಟ್ಟಿ. ಇನ್ನೂರು ಮಕ್ಕಳಿಗೆ ಬಿಸಿ ರೊಟ್ಟಿ ಬಡಿ ಅಂತ ಬಿಸಿಯೂಟದ ಅಕ್ಕಂದಿರಿಗೆ ಹೇಳೋದು ಅನ್ಯಾಯ. ಆದರೆ ತೇವ ಹೋಗುವಂತೆ ಸುಟ್ಟು ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇದನ್ನು ಮಾಡಿ ಊರೂರಿಗೆ ಮಾರುತ್ತಲೇ ಇದ್ದಾರೆ. ವಾರಕ್ಕೆ ಒಂದು ದಿನ ಸರ್ಕಾರ ಅವರಿಂದಲೇ ಕೊಂಡು ಶಾಲೆಗೆ ಕೊಡಲಿ. ಜೊತೆಗೆ ಒಂದು ಪಲ್ಯ, ಒಂದು ಲೋಟ ಮಜ್ಜಿಗಿ. ಆ ರೊಟ್ಟಿಗೆ ಬೇಕಾದ ಜೋಳವನ್ನು ಅದೇ ತಾಲ್ಲೂಕಿನ ರೈತನಿಂದ ಬೆಂಬಲ ಬೆಲೆಗೆ ಕೊಳ್ಳಲಿ. ಬಡಿಯುವ ಕೈಗೆ ದುಡಿಮೆ, ಬಿತ್ತುವವನಿಗೆ ಗಿರಾಕಿ, ಮಗುವಿನ ನಾಲಿಗೆಗೆ ಊರಿನ ರುಚಿ.

ಮಾಲ್ಟಾದಲ್ಲಿ ಗೋಧಿ ಬೆಳೆಯಲು ಹೊಲವೇ ಸಾಲದು, ಬಹುಪಾಲು ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ಆದರೂ ಬ್ರೆಡ್ಡು ತಟ್ಟುವ ಕೈಯನ್ನು ಅವರು ಬಿಟ್ಟುಕೊಟ್ಟಿಲ್ಲ. ನಮ್ಮಲ್ಲಿ ಹೊಲ ಇದೆ, ಬೀಜ ಇದೆ, ಜೋಳದ ಮೇಲೆ ಸಂಶೋಧನೆ ಮಾಡುವ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲೇ ಇದೆ, ಬಡಿಯುವ ಕೈ ಇನ್ನೂ ಇದೆ. ಅಕ್ಷರ ದಾಸೋಹದ ಊಟದ ಪಟ್ಟಿ ಬರೆಯುವ ಅಧಿಕಾರಿಗಳೇ, ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸೋಕೆ ಎಷ್ಟು ಹೊತ್ತು ಬೇಕು?