ಹುಣಸೂರಿನ ಸೊಪ್ಪು, ಕ್ಯೂಬಾದ ಸಿಗಾರ್

ಪ್ರಶ್ನೆ: ಕ್ಯೂಬಾದ ಸಿಗಾರ್ ಅಷ್ಟು ದುಬಾರಿ. ಆದರೂ ಒಂದರ ರುಚಿ ಇನ್ನೊಂದಕ್ಕಿಲ್ಲ ಎಂದು ಸೇದುವವರು ದೂರುವುದೇಕೆ? ನಮ್ಮ ಕಡೆಯ ಹೊಗೆಸೊಪ್ಪಿನಿಂದ ಅಂಥ ಸಿಗಾರ್ ಮಾಡಬಹುದೇ?

ಉತ್ತರ: ಆಗದು. ನಮ್ಮ ಸೊಪ್ಪು ಕೀಳೆಂದಲ್ಲ, ಅದರ ಕೆಲಸವೇ ಬೇರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಮುಂಗಾರಿಗೆ ನೆಡುವುದು ವರ್ಜೀನಿಯಾ ಹೊಗೆಸೊಪ್ಪು. ಮಾಗಿದ ಎಲೆಗಳನ್ನು ಬುಡದಿಂದ ಹಂತಹಂತವಾಗಿ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ತೂಗುಹಾಕಿ, ಸೌದೆಯ ಕಾವಿನಲ್ಲಿ ಐದಾರು ದಿನ ಹದಮಾಡುತ್ತಾರೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಕಾವು ಏರಿಸಬೇಕು. ಆತುರಪಟ್ಟರೆ ಹಸಿರು ಉಳಿಯುತ್ತದೆ, ತಡವಾದರೆ ಎಲೆ ಕಂದಾಗುತ್ತದೆ. ಹೀಗೆ ಬೇಗ ಒಣಗಿದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಲ್ಲಿ ತಂಬಾಕು ಮಂಡಳಿ ನಡೆಸುವ ಹರಾಜಿನಿಂದ ಹೊರಟ ಸೊಪ್ಪು ಹಲವು ಸೀಮೆಗಳ ಎಲೆಯೊಂದಿಗೆ ಬೆರೆತು ಸಿಗರೇಟಾಗುತ್ತದೆ. ಈ ಬೆರಕೆಯಿಂದಲೇ ಸಿಗರೇಟಿನ ರುಚಿ ಹೆಚ್ಚು ಬದಲಾಗುವುದಿಲ್ಲ.

ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಸಿಗಾರಿನ ಎಲೆಯನ್ನು ಗಾಳಿಯಲ್ಲೇ ವಾರಗಟ್ಟಲೆ ಒಣಗಿಸಿ, ರಾಶಿ ಹಾಕಿ ಹುದುಗಿಸುತ್ತಾರೆ. ಸಕ್ಕರೆ ಕಳೆದು ಗಾಢವಾದ ಘಮ ಹುಟ್ಟುತ್ತದೆ. ಆದರೆ ಆ ವರ್ಷದ ಹವೆ, ಎಲೆ ಗಿಡದ ಯಾವ ಭಾಗದ್ದು, ಸುತ್ತಿದ ಕೈ ಯಾವುದು ಎಂಬುದೆಲ್ಲ ರುಚಿಯಲ್ಲಿ ಕಾಣಿಸುತ್ತದೆ. ಸುತ್ತು ಬಿಗಿಯಾದರೆ ಹೊಗೆ ಎಳೆಯಲಾಗದು, ಸಡಿಲವಾದರೆ ಬೇಗ ಉರಿದು ಕಹಿಯಾಗುತ್ತದೆ. ಅಷ್ಟು ಹಣ ಕೊಟ್ಟವರ ದೂರು ನ್ಯಾಯವಾದದ್ದೇ.

ಒಂದು ಮಾತು ಮರೆಯಬೇಡಿ: ಸಿಗಾರ್ ಹೊಗೆಯನ್ನು ಒಳಗೆಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ.