ಬ್ಯಾರನ್ ದ್ವೀಪ: ಆರಿತೆನ್ನಿಸಿದ ಜ್ವಾಲಾಮುಖಿಯ ಇತಿಹಾಸ

ಇಂದು ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿರುವ ಪೋರ್ಟ್ ಬ್ಲೇರ್ ನಗರದ ಈಶಾನ್ಯಕ್ಕೆ ಸುಮಾರು 135 ಕಿ.ಮೀ. ದೂರದಲ್ಲಿ, ಅಂಡಮಾನ್ ಸಮುದ್ರದ ನಡುವೆ, ಬ್ಯಾರನ್ ದ್ವೀಪವಿದೆ. ಮೂರು ಕಿ.ಮೀ. ವ್ಯಾಸದ, ಜನವಸತಿಯಿಲ್ಲದ ಈ ನೆಲ ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ನೀರಿನ ಮೇಲೆ ಕಾಣುವ ಭಾಗದ ಎತ್ತರ ಸುಮಾರು 350 ಮೀಟರ್ ಮಾತ್ರ. ಪರ್ವತದ ಬುಡವಾದರೋ ಎರಡು ಸಾವಿರ ಮೀಟರಿಗೂ ಮಿಗಿಲಾದ ಆಳದ ಕಡಲತಳದಲ್ಲಿದೆ. ದ್ವೀಪವೆಂದು ಕರೆಯಲ್ಪಡುವುದು ವಸ್ತುತಃ ಮುಳುಗಿದ ಮಹಾಪರ್ವತವೊಂದರ ನೆತ್ತಿ.

ಇದರ ಉಗಮಕ್ಕೆ ಕಾರಣ ಭೂಫಲಕಗಳ ಚಲನೆ. ಅಂಡಮಾನ್ ದ್ವೀಪಸಾಲಿನ ಪಶ್ಚಿಮದ ಕಂದಕದಲ್ಲಿ ಭಾರತೀಯ ಫಲಕವು ಪೂರ್ವಾಭಿಮುಖವಾಗಿ ಕೆಳಸರಿಯುತ್ತದೆ. ಆಳಕ್ಕಿಳಿದಂತೆ ಅದರ ಶಿಲೆಗಳಲ್ಲಿ ಹುದುಗಿದ್ದ ನೀರು ಬಿಡುಗಡೆಯಾಗಿ ಮೇಲಿನ ಕವಚವನ್ನು ಸೇರುತ್ತದೆ. ನೀರು ಬೆರೆತ ಶಿಲೆ ಕಡಿಮೆ ಉಷ್ಣತೆಯಲ್ಲಿಯೇ ಕರಗುವುದರಿಂದ ಅಲ್ಲಿ ಶಿಲಾಪಾಕ ಉಂಟಾಗಿ ಮೇಲೇರುತ್ತದೆ. ಸುಮಾತ್ರದಿಂದ ಮ್ಯಾನ್ಮಾರಿನ ಪೋಪಾ ಪರ್ವತದವರೆಗೆ ಹಬ್ಬಿರುವ ಜ್ವಾಲಾಮುಖಿಗಳ ಕಮಾನಿನಲ್ಲಿ ಬ್ಯಾರನ್ ಒಂದು ಕೊಂಡಿ. ಇಲ್ಲಿಯ ಶಿಲೆಗಳು ಪ್ರಧಾನವಾಗಿ ಬಸಾಲ್ಟ್ ಮತ್ತು ಬಸಾಲ್ಟಿಕ್ ಆಂಡೆಸೈಟ್ ವರ್ಗದವು.

ದ್ವೀಪದ ರಚನೆಯೇ ಅದರ ಚರಿತ್ರೆಯನ್ನು ತಿಳಿಸುತ್ತದೆ. ಸುತ್ತಲೂ ಕಡಿದಾದ ಗೋಡೆ. ಒಳಗೆ ಸುಮಾರು ಎರಡು ಕಿ.ಮೀ. ಅಗಲದ ಬೋಗುಣಿ, ಅದರ ಮಧ್ಯದಲ್ಲಿ ಕಿಟ್ಟದಂತಹ ತುಣುಕುಗಳೂ ಬೂದಿಯೂ ಪೇರಿದ ಶಂಕು. ಪ್ರಾಚೀನ ಪರ್ವತದ ಶಿಖರ ಕುಸಿದು ಉಂಟಾದ ಈ ಬೋಗುಣಿಗೆ ಕ್ಯಾಲ್ಡೆರಾ ಎಂದು ಹೆಸರು. ಗೋಡೆಯು ಪಶ್ಚಿಮದಲ್ಲಿ ಒಡೆದಿದ್ದು, ಅಲ್ಲಿಂದಲೇ ಲಾವಾ ಸಮುದ್ರಕ್ಕೆ ಇಳಿಯುತ್ತದೆ. ಗೋಡೆಯಲ್ಲಿ ಕಾಣುವ ಲಾವಾ ಮತ್ತು ಬೂದಿಯ ಪದರಗಳು ಲಿಖಿತ ದಾಖಲೆಗಳಿಗಿಂತ ಎಷ್ಟೋ ಹಿಂದಿನವು. ದ್ವೀಪದ ಸಮೀಪ ಕಡಲತಳದಿಂದ ತೆಗೆದ ಕೆಸರಿನ ಮಾದರಿಗಳಲ್ಲಿ ಸುಮಾರು 70 ಸಾವಿರ ವರ್ಷಗಳ ಹಿಂದಿನ ಬೂದಿಯೂ ದೊರೆತಿದೆ.

ಲಿಖಿತ ಇತಿಹಾಸ ಆರಂಭವಾಗುವುದು 1787ರ ಸ್ಫೋಟದಿಂದ. 1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಅದನ್ನು ಕಂಡು ವರದಿಮಾಡಿದರು. 1803-04ರಲ್ಲಿಯೂ ಅದು ಉಗುಳುತ್ತಿದ್ದುದಕ್ಕೆ ನಾವಿಕರ ಸಾಕ್ಷ್ಯವಿದೆ. ಅನಂತರ ಚಟುವಟಿಕೆ ಕ್ರಮೇಣ ಕುಗ್ಗಿತು. 1884ರಲ್ಲಿ ದ್ವೀಪವನ್ನು ಪರಿಶೀಲಿಸಿದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಎಫ್. ಆರ್. ಮ್ಯಾಲೆಟ್, ಬ್ಯಾರನ್ ಮತ್ತು ನಾರ್ಕೊಂಡಂ ದ್ವೀಪಗಳನ್ನು ಕುರಿತು ಬರೆದ ಪ್ರಬಂಧ ಇಂದಿಗೂ ಆಕರಗ್ರಂಥ. ಅವರ ಕಾಲಕ್ಕೆ ಉಳಿದಿದ್ದುದು ಶಂಕುವಿನ ಆವಿ, ಗಂಧಕದ ಲೇಪ, ದಡದ ಬಿಸಿನೀರಿನ ಊಟೆ. ಬೇರೆ ಬೇರೆ ವರ್ಷಗಳ ಪ್ರವಾಸಿಗರು ದಾಖಲಿಸಿದ ಊಟೆಯ ಉಷ್ಣತೆ ಇಳಿಮುಖವಾಗಿತ್ತು. ಜ್ವಾಲಾಮುಖಿ ತಣ್ಣಗಾಗುತ್ತಿದೆ ಎಂದು ಭಾವಿಸಲು ಇದು ಸಮಂಜಸ ಆಧಾರವೇ ಆಗಿತ್ತು. ಈ ಮೌನದ ಅವಧಿಯಲ್ಲಿಯೇ, 1891ರಲ್ಲಿ, ಹಡಗೊಂದು ಮೇಕೆಗಳನ್ನು ಅಲ್ಲಿ ಬಿಟ್ಟುಹೋಯಿತು.

ಒಂದೂವರೆ ಶತಮಾನಕ್ಕೂ ಮಿಗಿಲಾದ ಆ ಮೌನ 1991ರ ಮಾರ್ಚಿನಲ್ಲಿ ಮುರಿಯಿತು. ಸ್ಫೋಟ ತಿಂಗಳುಗಟ್ಟಲೆ ನಡೆದು ಲಾವಾ ಕಡಲನ್ನು ಸೇರಿತು. 1994-95ರಲ್ಲಿ ಮತ್ತೆ, 2005ರ ಮೇ ತಿಂಗಳಲ್ಲಿ ಮತ್ತೊಮ್ಮೆ ಅದು ಎಚ್ಚೆತ್ತಿತು. ಮಾನವನ ಮೂರು-ನಾಲ್ಕು ತಲೆಮಾರುಗಳ ನೆನಪು ಪರ್ವತದ ಆಯುಸ್ಸಿನಲ್ಲಿ ಒಂದು ನಿಮಿಷಕ್ಕೂ ಸಮವಲ್ಲ. ಮ್ಯಾಲೆಟ್‌ರ ಕಾಲದ ಅಳತೆಗಳು ತಪ್ಪಾಗಿರಲಿಲ್ಲ. ಅವುಗಳಿಂದ ಭವಿಷ್ಯ ನುಡಿಯುವಷ್ಟು ದೀರ್ಘ ದಾಖಲೆಯೇ ಇರಲಿಲ್ಲ.

2004ರ ಡಿಸೆಂಬರ್ 26ರ ಸುಮಾತ್ರ ಭೂಕಂಪವೇ 2005ರ ಸ್ಫೋಟಕ್ಕೆ ಕಾರಣವೆಂಬ ಮಾತು ಪ್ರಚಾರದಲ್ಲಿದೆ. ಎರಡೂ ಒಂದೇ ಫಲಕಸೀಮೆಯ ಘಟನೆಗಳಾದುದರಿಂದ ಅದು ಅಸಂಭಾವ್ಯವೇನಲ್ಲ. ಆದರೆ ಜ್ವಾಲಾಮುಖಿಯು 1991ರಿಂದಲೇ ಜಾಗೃತವಾಗಿತ್ತು. ಭೂಕಂಪಕ್ಕೂ ಸ್ಫೋಟಕ್ಕೂ ಐದು ತಿಂಗಳ ಅಂತರವಿತ್ತು. ಕಾಲದ ಸಾಮೀಪ್ಯವೊಂದರಿಂದಲೇ ಕಾರಣವನ್ನು ನಿರ್ಣಯಿಸುವುದು ಅವಸರದ ತೀರ್ಮಾನವೆನ್ನಬೇಕು.

2017ರ ಜನವರಿಯಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸಮೀಪದ ಕಡಲಿನಲ್ಲಿ ಮಾದರಿ ಸಂಗ್ರಹಿಸುತ್ತಿದ್ದಾಗ ಪರ್ವತ ಇದ್ದಕ್ಕಿದ್ದಂತೆ ಬೂದಿ ಉಗುಳತೊಡಗಿತು. ಹಗಲಿನಲ್ಲಿ ಬೂದಿಯ ಮೋಡವಷ್ಟೇ ಕಂಡರೆ, ಸೂರ್ಯಾಸ್ತದ ನಂತರ ಕೆಂಪು ಲಾವಾದ ಚಿಲುಮೆ ಗೋಚರಿಸಿತು. 2025ರ ಸೆಪ್ಟೆಂಬರಿನಲ್ಲಿಯೂ ಲಘು ಸ್ಫೋಟಗಳು ವರದಿಯಾದವು.

ಬ್ಯಾರನ್ನಿನ ಉತ್ತರಕ್ಕಿರುವ ನಾರ್ಕೊಂಡಂ ಇದೇ ಕಮಾನಿಗೆ ಸೇರಿದ ಮತ್ತೊಂದು ಜ್ವಾಲಾಮುಖಿ. ಅದರ ಹೆಸರು ‘ನರಕಕುಂಡ’ದಿಂದ ಬಂದಿರಬಹುದೆಂದೂ, ಮೂಲದಲ್ಲಿ ಅದು ಬೆಂಕಿಯುಗುಳುವ ಬ್ಯಾರನ್ನಿಗೆ ಸಲ್ಲುತ್ತಿದ್ದು ನಾವಿಕರ ನಕಾಶೆಗಳಲ್ಲಿ ಅದಲುಬದಲಾಗಿರಬಹುದೆಂದೂ ಒಂದು ಊಹೆಯಿದೆ. ದಟ್ಟ ಕಾಡು ಕವಿದ ನಾರ್ಕೊಂಡಂನಲ್ಲಿ ಐತಿಹಾಸಿಕ ಕಾಲದ ಸ್ಫೋಟದ ಖಚಿತ ದಾಖಲೆ ಒಂದೂ ಇಲ್ಲ. 1991ಕ್ಕೆ ಮುಂಚೆ ಬ್ಯಾರನ್ನನ್ನು ನೋಡಿದವರಿಗೂ ಸುಮಾರು ಇನ್ನೂರು ವರ್ಷಗಳ ದಾಖಲೆಗಳೇ ಕೈಯಲ್ಲಿದ್ದವು.